ಲೆಕ್ಕ ಹಿಡಿದು ಮಾತಾಡುವವರು ಬೇಕಾಗಿದ್ದಾರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅರ್ಥಶಾಸ್ತ್ರ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿ ಮಿತ್ರರೇ,

ಬಿ.ಎ.ಗೆ ಅರ್ಥಶಾಸ್ತ್ರ ತೆಗೆದುಕೊಂಡವರಿಗೆ ಮನೆಯವರೂ ಬೀಗರೂ ಕೇಳುವ ಪ್ರಶ್ನೆ ಒಂದೇ: ಇದನ್ನು ಓದಿ ಮುಂದೇನು? ಬಿ.ಎಡ್. ಮಾಡಬಹುದು, ಬ್ಯಾಂಕ್ ಪರೀಕ್ಷೆ ಕಟ್ಟಬಹುದು, ಎಫ್‌ಡಿಎ, ಪಿಡಿಒ ಹುದ್ದೆಗೆ ಓದಬಹುದು. ಇವೆಲ್ಲ ಮರ್ಯಾದೆಯ ದಾರಿಗಳೇ. ಹಿಡಿದವರನ್ನು ನಾನು ಗೌರವದಿಂದ ಕಾಣುತ್ತೇನೆ. ಆದರೆ ಇನ್ನೊಂದು ದಾರಿಯೂ ಇದೆ. ಅರ್ಥಶಾಸ್ತ್ರಜ್ಞರಾಗಿ ಬೆಳೆದು, ಆ ವಿದ್ಯೆಯ ಬಲದಿಂದಲೇ ರಾಜಕಾರಣಕ್ಕೆ, ಆಡಳಿತಕ್ಕೆ, ದೇಶದೇಶಗಳ ನಡುವಿನ ಮಾತುಕತೆಗೆ ಹೋಗುವ ದಾರಿ. ಅದರ ಬಗ್ಗೆ ನಿಮ್ಮ ಎದುರು ಯಾರೂ ಹೆಚ್ಚು ಮಾತಾಡುವುದಿಲ್ಲ. ನಿಮ್ಮ ನಾಲ್ಕೂ ತಾಲ್ಲೂಕುಗಳಿಗೆ ಅಂಥವರ ಗರಜು ಎಷ್ಟಿದೆ ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮುಧೋಳದ ಕಬ್ಬಿನಿಂದ ಶುರುಮಾಡೋಣ. 2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ದರಕ್ಕಾಗಿ ಬೀದಿಗಿಳಿದರು. ಮುಧೋಳ ಭಾಗದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಬೆಂಕಿಗೆ ಆಹುತಿಯಾದವು. ಆ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ. ಅದು ಶೇ 10.25ರ ಸಕ್ಕರೆ ಇಳುವರಿಗೆ. ಇಳುವರಿ ಅದಕ್ಕಿಂತ ಶೇ 0.1ರಷ್ಟು ಹೆಚ್ಚಿದರೆ ಕ್ವಿಂಟಲಿಗೆ 3.46 ರೂಪಾಯಿ ಕೂಡುತ್ತಿತ್ತು. ಎಕರೆಗೆ 40 ಟನ್ ಬೆಳೆದ ರೈತನಿಗೆ ಆ ಒಂದು ದಶಾಂಶದ ಬೆಲೆ 1,384 ರೂಪಾಯಿ. ಇಳುವರಿ ಅಳೆಯುವವರು ಯಾರು, ಅಳೆದದ್ದನ್ನು ತಾಳೆ ನೋಡುವವರು ಯಾರು, ಕಟಾವು ಮತ್ತು ಸಾಗಣೆಯ ಹೆಸರಿನಲ್ಲಿ ಬಿಲ್ಲಿನಿಂದ ಎಷ್ಟು ಮುರಿದುಕೊಳ್ಳಬಹುದು? ಜಗಳ ಬೀದಿಯಲ್ಲಿ ನಡೆದರೂ ಅದರ ಬೇರು ಈ ಲೆಕ್ಕದಲ್ಲಿದೆ. ರೈತರ ಪರವಾಗಿ ಘೋಷಣೆ ಕೂಗುವವರು ಸಾವಿರ ಜನ ಸಿಕ್ಕರು. ಹತ್ತು ಹಂಗಾಮಿನ ಇಳುವರಿ, ಸಕ್ಕರೆಯ ದರ, ಎಥೆನಾಲ್‌ನ ಆದಾಯ, ಕಾಕಂಬಿಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಜಿಲ್ಲಾಧಿಕಾರಿಯ ಮೇಜಿನ ಮೇಲೆ ಇಡಬಲ್ಲವರು ಎಷ್ಟು ಜನ ಸಿಕ್ಕರು?

ಇದೇ ಕಬ್ಬಿನ ವ್ಯಾಜ್ಯ ಜಿನೀವಾದಲ್ಲೂ ನಡೆದಿದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಭಾರತದ ಮೇಲೆ ದೂರು ಒಯ್ದವು. ಕಬ್ಬಿಗೆ ಭಾರತ ಕೊಡುವ ಬೆಂಬಲ, ಉತ್ಪಾದನೆಯ ಮೌಲ್ಯದ ಶೇ 10ರ ಮಿತಿಯನ್ನು ಮೀರಿದೆ ಎಂಬುದು ಅವುಗಳ ವಾದ. ಎಫ್‌ಆರ್‌ಪಿ ಕೊಡುವುದು ಕಾರ್ಖಾನೆಗಳು, ಸರ್ಕಾರದ ಬೊಕ್ಕಸದಿಂದ ಆ ಹಣ ಹೋಗುವುದಿಲ್ಲ, ಹಾಗಿರುವಾಗ ಅದು ಸಬ್ಸಿಡಿ ಹೇಗಾದೀತು ಎಂದು ಭಾರತ ಕೇಳಿತು. 2021ರ ಡಿಸೆಂಬರ್‌ನಲ್ಲಿ ಬಂದ ವರದಿ ಭಾರತದ ವಿರುದ್ಧವಿತ್ತು. ಭಾರತ ಅದರ ಮೇಲೆ ಮೇಲ್ಮನವಿ ಹಾಕಿತು. ಮೇಲ್ಮನವಿ ಕೇಳಬೇಕಾದ ಪೀಠ 2019ರ ಡಿಸೆಂಬರ್‌ನಿಂದಲೇ ಸಾಕಷ್ಟು ಸದಸ್ಯರಿಲ್ಲದೆ ನಿಂತಿತ್ತು. ಹೀಗೆ ಆ ವರದಿ ಜಾರಿಯಾಗದೆ ನೆನೆಗುದಿಗೆ ಬಿತ್ತು. ಕಾರ್ಖಾನೆಯ ಗೇಟಿನಲ್ಲಿ ರೈತನಿಗೆ ಯಾವಾಗ, ಎಷ್ಟು ಹಣ ಸಿಗುತ್ತದೆ, ಬಾಕಿ ಎಷ್ಟು ತಿಂಗಳು ಉಳಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರೊಬ್ಬರು ಅಂಥ ವಾದ ಸಿದ್ಧಪಡಿಸುವ ತಂಡದಲ್ಲಿದ್ದರೆ ಅದರ ಗಟ್ಟಿತನವೇ ಬೇರೆ. ಆ ವ್ಯಕ್ತಿ ಮುಧೋಳದಿಂದ ಯಾಕೆ ಬರಬಾರದು?

ರಬಕವಿ-ಬನಹಟ್ಟಿಯ ನೂಲಿನ ಕಥೆಯೂ ಹೀಗೆಯೇ ದೂರ ಹರಡಿಕೊಂಡಿದೆ. ಆಮದು ಹತ್ತಿಯ ಮೇಲಿನ ಶೇ 11ರ ಸುಂಕವನ್ನು ಕೇಂದ್ರ 2025ರ ಆಗಸ್ಟ್‌ನಲ್ಲಿ ತೆಗೆದು, ವಿನಾಯಿತಿಯನ್ನು ಆ ವರ್ಷದ ಕೊನೆಯವರೆಗೂ ಮುಂದುವರಿಸಿತು. ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದ ಹೊತ್ತು ಅದು. ಹತ್ತಿ ಬೆಳೆಗಾರರು ವಿರೋಧಿಸಿದರು, ಗಿರಣಿಯವರು ಸ್ವಾಗತಿಸಿದರು. ಆ ವಿನಾಯಿತಿಯಿಂದ ಬನಹಟ್ಟಿಯ ಪವರ್‌ಲೂಮ್ ಮಾಲೀಕನಿಗೆ ನೂಲು ಅಗ್ಗವಾಯಿತೇ? ಆಗಿದ್ದರೆ ಕೂಲಿ ನೇಕಾರನ ಪಗಾರಕ್ಕೆ ಒಂದು ರೂಪಾಯಿಯಾದರೂ ಸೇರಿತೇ? ಇದಕ್ಕೆ ಉತ್ತರ ದಿಲ್ಲಿಯ ಕಚೇರಿಯಲ್ಲಿ ಕೂತವರಿಗೆ ಸಿಗುವುದಿಲ್ಲ. ಮಗ್ಗದ ಮನೆಗಳಿಗೆ ಹೋಗಿ ಕೇಳಿ ಬರೆದುಕೊಂಡವರಿಗೆ ಸಿಗುತ್ತದೆ.

ಈ ವಿದ್ಯೆ ಮನುಷ್ಯನೊಬ್ಬನನ್ನು ಎಲ್ಲಿಯವರೆಗೆ ಒಯ್ಯಬಲ್ಲದು ಎಂದು ಕೇಳಿದರೆ ನಾನು ವಿ.ಕೆ.ಆರ್.ವಿ. ರಾವ್ ಅವರ ಹೆಸರು ಹೇಳುತ್ತೇನೆ. 1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಓದಿ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಅವರು ಎತ್ತಿಕೊಂಡ ಕೆಲಸ ಭಾರತದ ರಾಷ್ಟ್ರೀಯ ಆದಾಯವನ್ನು ಎಣಿಸುವುದು. ಬ್ರಿಟಿಷ್ ಆಳ್ವಿಕೆಯಲ್ಲಿ ಭಾರತ ಬಡವಾಗುತ್ತಿದೆ ಎಂದು ದಾದಾಭಾಯಿ ನವರೋಜಿಯವರ ಕಾಲದಿಂದಲೂ ದೇಶ ವಾದಿಸುತ್ತಿತ್ತು. ರಾವ್ ಅವರು ಹೊಲದ ಬೆಳೆಗೆ ಉತ್ಪಾದನೆಯ ಲೆಕ್ಕ, ಉಳಿದ ಕಸುಬುಗಳಿಗೆ ಆದಾಯದ ಲೆಕ್ಕ ಹಿಡಿದು ಎರಡನ್ನೂ ಕೂಡಿಸಿದರು. 1931-32ರಲ್ಲಿ ಬ್ರಿಟಿಷ್ ಭಾರತದ ತಲಾ ಆದಾಯ ವರ್ಷಕ್ಕೆ 62 ರೂಪಾಯಿ ಎಂದು ಅವರ ಲೆಕ್ಕ ಹೇಳಿತು. ಅಲ್ಲಿಂದಾಚೆಗೆ ಬಡತನದ ವಾದಕ್ಕೆ ಕೈಗೆ ಸಿಗುವ ಒಂದು ಅಂಕಿ ದೊರೆಯಿತು, ವಿರೋಧಿಸುವವರೂ ಆ ಅಂಕಿಗೇ ಉತ್ತರ ಕೊಡಬೇಕಾಯಿತು.

ಅವರ ಇನ್ನೊಂದು ಬರಹವನ್ನು ನೀವು ಹುಡುಕಿ ಓದಬೇಕು. ಕೇನ್ಸ್‌ನ ಗುಣಕ ಸಿದ್ಧಾಂತ ನಿಮ್ಮ ಪಠ್ಯದಲ್ಲಿದೆ: ಸರ್ಕಾರ ಖರ್ಚು ಹೆಚ್ಚಿಸಿದರೆ ಆದಾಯ, ಉದ್ಯೋಗ ಎರಡೂ ಹಲವು ಪಟ್ಟು ಏರುತ್ತವೆ. ಕೇನ್ಸ್ ಪ್ರಭಾವ ಉಚ್ಛ್ರಾಯದಲ್ಲಿದ್ದ ಕೇಂಬ್ರಿಜ್‌ನಲ್ಲೇ ಓದಿ ಬಂದ ರಾವ್, ಹಿಂದುಳಿದ ದೇಶದಲ್ಲಿ ಅದು ಹಾಗೆ ನಡೆಯುವುದಿಲ್ಲ ಎಂದು 1952ರಲ್ಲಿ ಬರೆದರು. ಇಲ್ಲಿನ ದುಡಿಮೆ ಬಹುಪಾಲು ಮನೆಯೊಳಗೇ ನಡೆಯುತ್ತದೆ, ನಿರುದ್ಯೋಗ ಮರೆಯಾಗಿರುತ್ತದೆ, ಕಾಳುಕಡಿಯ ಉತ್ಪಾದನೆ ಬೇಡಿಕೆಯ ಬೆನ್ನಿಗೇ ಏರುವುದಿಲ್ಲ, ಹಾಗಾಗಿ ಬರೀ ಖರ್ಚು ಹೆಚ್ಚಿಸಿದರೆ ಏರುವುದು ಬೆಲೆ ಎಂಬುದು ಅವರ ವಾದದ ತಿರುಳು. ಇದನ್ನು ಬನಹಟ್ಟಿಯ ಮಗ್ಗದ ಮನೆಗೆ ಹಚ್ಚಿ ನೋಡಿ. ಒಬ್ಬರು ಕಂಡಿಕೆ ಸುತ್ತುತ್ತಾರೆ, ಒಬ್ಬರು ನೇಯುತ್ತಾರೆ, ಮುದುಕರು ನೂಲಿನ ಎಳೆ ಬಿಡಿಸುತ್ತಾರೆ. ಸೀರೆಗೆ ಗಿರಾಕಿ ಕಡಿಮೆಯಾದಾಗ ಆ ಮನೆಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಎಲ್ಲರೂ ದುಡಿಯುತ್ತಲೇ ಇರುತ್ತಾರೆ, ಮನೆಗೆ ಬರುವ ದುಡ್ಡು ಅರ್ಧವಾಗುತ್ತದೆ. ನಿರುದ್ಯೋಗದ ಅಂಕಿಯಲ್ಲಿ ಅವರ ಹೆಸರಿಲ್ಲ. ಕಂಡಿಕೆ ಸುತ್ತುವ ತಾಯಂದಿರ ದುಡಿಮೆಯಂತೂ ಯಾವ ಪಗಾರದ ಪಟ್ಟಿಯಲ್ಲೂ ಕಾಣುವುದಿಲ್ಲ. ಇಂಥ ಮನೆಯಲ್ಲಿ ಬೆಳೆದವರಿಗೆ ರಾವ್ ಅವರ ಮಾತು ಓದಿದ ಕೂಡಲೇ ಅರ್ಥವಾಗುತ್ತದೆ. ಇಂಗ್ಲಿಷ್ ಕಡಿಮೆ ಬರುತ್ತದೆಂದು ಹಿಂಜರಿಯುವ ವಿದ್ಯಾರ್ಥಿಗಳೇ, ಈ ತಿಳಿವಳಿಕೆ ನಿಮ್ಮ ಕೈಯಲ್ಲಿರುವ ಬಂಡವಾಳ. ಇಂಗ್ಲಿಷನ್ನು ಕಲಿಯಲು ಎರಡು-ಮೂರು ವರ್ಷ ಸಾಕು. ಮಗ್ಗದ ಮನೆಯ ಲೆಕ್ಕ ಅರಿಯದವರಿಗೆ ಅದನ್ನು ಕಲಿಸುವ ಕಾಲೇಜು ಎಲ್ಲೂ ಇಲ್ಲ.

ರಾವ್ 1947ರಿಂದ 1950ರವರೆಗೆ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದರು. ಬಡ ದೇಶಗಳಿಗೆ ರಸ್ತೆ, ಶಾಲೆ, ನೀರಾವರಿ ಬೇಕು. ಇವು ಬಡ್ಡಿಸಮೇತ ಬೇಗ ಹಣ ಮರಳಿಸುವ ಕೆಲಸಗಳಲ್ಲ. ಆದ್ದರಿಂದ ಕಡಿಮೆ ಬಡ್ಡಿಗೆ, ದೀರ್ಘಾವಧಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ಬೇಕು ಎಂದು ಅವರು 1949ರಲ್ಲಿ ಪ್ರಸ್ತಾಪ ಮುಂದಿಟ್ಟರು. ಶ್ರೀಮಂತ ದೇಶಗಳು ಒಪ್ಪಲಿಲ್ಲ. ಸ್ವಾತಂತ್ರ್ಯ ಪಡೆದು ಎರಡು ವರ್ಷವಾಗಿದ್ದ ದೇಶದ ಅರ್ಥಶಾಸ್ತ್ರಜ್ಞನ ಮಾತು ಅಲ್ಲಿಗೆ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ. 1950ರ ದಶಕದುದ್ದಕ್ಕೂ ಅದು ಬೇರೆ ಬೇರೆ ರೂಪದಲ್ಲಿ ಚರ್ಚೆಗೆ ಬರುತ್ತಲೇ ಇತ್ತು. ಕಡೆಗೆ 1960ರಲ್ಲಿ ವಿಶ್ವಬ್ಯಾಂಕೇ ತನ್ನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವನ್ನು, ಅಂದರೆ ಐಡಿಎಯನ್ನು ಕಟ್ಟಿತು. ರಾವ್ ಕೇಳಿದ್ದು ವಿಶ್ವಸಂಸ್ಥೆಯ ಕೈಯಲ್ಲಿರುವ ಸಂಸ್ಥೆ. ಸಿಕ್ಕಿದ್ದು ಬ್ಯಾಂಕಿನ ಕೈಯಲ್ಲಿರುವ ಸಂಸ್ಥೆ. ಆದರೂ ಸುಲಭ ಸಾಲದ ತತ್ವಕ್ಕೆ ಜಗತ್ತು ಒಪ್ಪಿತು.

ಈ ಎಳೆ ಬೀಳಗಿಗೆ ಬಂದು ಸೇರುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಎರಡನೇ ಹಂತಕ್ಕೆ 1989ರಲ್ಲಿ ವಿಶ್ವಬ್ಯಾಂಕ್ ಒಪ್ಪಿದ ನೆರವಿನಲ್ಲಿ ಐಡಿಎ ಸಾಲವೂ ಇತ್ತು. ಆಲಮಟ್ಟಿ ಜಲಾಶಯದ ನೀರು ಬರಗಾಲದ ನೆಲಕ್ಕೆ ಹರಿಯಬೇಕಾದರೆ ಬೀಳಗಿ, ಬಾಗಲಕೋಟೆಯ ಎಷ್ಟೋ ಊರುಗಳು ಮುಳುಗಬೇಕಿತ್ತು. ಪುನರ್ವಸತಿ ಮಾತಿನಂತೆ ನಡೆಯುತ್ತಿಲ್ಲವೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ಹಣ ಬಿಡುಗಡೆಯನ್ನೇ ತಡೆಹಿಡಿಯಿತು. ಸಂತ್ರಸ್ತರ ಕಷ್ಟ ವರದಿಯ ಪುಟಕ್ಕೆ ಏರಿ, ವಾಷಿಂಗ್ಟನ್‌ವರೆಗೆ ತಲುಪಿ, ಅಲ್ಲಿಂದ ಬೆಂಗಳೂರಿನ ಮೇಲೆ ಒತ್ತಡವಾಗಿ ಮರಳಿತು. ಬಡವರಿಗೆ ಸುಲಭ ಸಾಲ ಬೇಕೆಂದು ವಾದಿಸಿದವನೂ ಅರ್ಥಶಾಸ್ತ್ರಜ್ಞ. ಆ ಸಾಲದಿಂದ ಮುಳುಗುವವನ ನಷ್ಟವನ್ನು ಎಣಿಸಬೇಕಾದವನೂ ಅರ್ಥಶಾಸ್ತ್ರಜ್ಞ. ಈ ಎರಡನೆಯ ಕೆಲಸಕ್ಕೆ ಮುಳುಗಡೆಯ ಮನೆತನದ ಮಕ್ಕಳಿಗಿಂತ ಹಕ್ಕುದಾರರು ಯಾರಿದ್ದಾರೆ?

ಆ ಕೆಲಸ ಇನ್ನೂ ಮುಗಿದಿಲ್ಲ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 2,060 ಟಿಎಂಸಿ ನೀರಿನಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಹಂಚಿತು. ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಆಲಮಟ್ಟಿಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಅದರ ಅಧಿಸೂಚನೆ ಸುಪ್ರೀಂ ಕೋರ್ಟಿನ ವ್ಯಾಜ್ಯದಲ್ಲಿ ಸಿಲುಕಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದ ಮುಳುಗಡೆಗೆ ಎಕರೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ನಿರ್ಧರಿಸಿತು. ಈ ಹಣ ಕೈಗೆ ಬಂದಾಗ ಕುಟುಂಬವೊಂದು ಅದನ್ನು ಎಷ್ಟು ವರ್ಷ ಉಳಿಸಿಕೊಳ್ಳುತ್ತದೆ? ಹೆಣ್ಣುಮಕ್ಕಳ ಪಾಲಿಗೆ ಎಷ್ಟು ಬರುತ್ತದೆ? ಜಮೀನಿಲ್ಲದೆ ಕೂಲಿಯಲ್ಲೇ ಬದುಕಿದವರ ನಷ್ಟಕ್ಕೆ ಬೆಲೆ ಕಟ್ಟುವುದು ಹೇಗೆ? ಹಿಂದಿನ ಹಂತದಲ್ಲಿ ಪರಿಹಾರ ಪಡೆದ ಕುಟುಂಬಗಳು ಪುನರ್ವಸತಿ ಕೇಂದ್ರಗಳಲ್ಲಿ ನಿಮ್ಮ ಸುತ್ತಲೇ ಇವೆ. ಅವರನ್ನು ಕೇಳಿ ಬರೆದರೆ, ಮುಂದೆ ಮುಳುಗಲಿರುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮತ್ತೆ ರಾವ್ ಅವರ ಬದುಕಿಗೆ ಬರುತ್ತೇನೆ. ಅದರ ಮುಂದಿನ ಭಾಗ ರಾಜಕಾರಣದ್ದು. ಅಷ್ಟರಲ್ಲಿ ಅವರು 1949ರಲ್ಲಿ ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಆಮೇಲೆ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಕಟ್ಟಿದ್ದರು. ದಿಲ್ಲಿ ವಿಶ್ವವಿದ್ಯಾಲಯದ ಕುಲಪತಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ ದುಡಿದಿದ್ದರು. 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ನಿಂತು ಗೆದ್ದರು. ಮೊದಲು ಸಾರಿಗೆ ಮತ್ತು ಹಡಗು, ಆಮೇಲೆ ಶಿಕ್ಷಣ ಖಾತೆ ನಿಭಾಯಿಸಿದರು. ನಿಮ್ಮ ಕಾಲೇಜಿನಲ್ಲಿ ಎನ್‌ಎಸ್‌ಎಸ್ ಘಟಕವಿದೆಯಲ್ಲ, ಆ ಯೋಜನೆಯನ್ನು 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ ಆರಂಭಿಸಿದ ಶಿಕ್ಷಣ ಸಚಿವರು ಅವರೇ. 1971ರಲ್ಲಿ ಬಳ್ಳಾರಿ ಮತ್ತೆ ಅವರನ್ನು ಆರಿಸಿತು, ಆದರೆ ಹೊಸ ಸಂಪುಟದಲ್ಲಿ ಅವರಿರಲಿಲ್ಲ. ಅಧಿಕಾರ ಹೋದ ಮರುವರ್ಷವೇ, 1972ರಲ್ಲಿ, ಬೆಂಗಳೂರಿನಲ್ಲಿ ಐಸೆಕ್ ಎಂದು ನಾವು ಕರೆಯುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ರಾಜಕಾರಣದಲ್ಲಿ ಅರ್ಥಶಾಸ್ತ್ರಜ್ಞನ ಸ್ಥಾನ ಎಂದೂ ಭದ್ರವಲ್ಲ. ಮತ ತರುವ ನಾಯಕರು ಅವನ ಮಾತನ್ನು ಒಂದು ದಿನ ಕೇಳುತ್ತಾರೆ, ಮರುದಿನ ಬದಿಗಿಡುತ್ತಾರೆ. ಕುರ್ಚಿ ಹೋದರೂ ಉಳಿಯುವ ವಿದ್ಯೆ ಮತ್ತು ಸಂಸ್ಥೆ ಎರಡೂ ಕೈಯಲ್ಲಿದ್ದವರು ಮಾತ್ರ ಇದನ್ನು ತಾಳಿಕೊಳ್ಳಬಲ್ಲರು.

ಇಷ್ಟು ದೊಡ್ಡವರ ಬದುಕು ನಮಗೆಲ್ಲಿ ಎಂದು ನೀವು ಅನ್ನಬಹುದು. ನಿಮ್ಮ ನೆಲದ ಉದಾಹರಣೆಗಳನ್ನೇ ಹೇಳುತ್ತೇನೆ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ವಕೀಲರು. ಭೂಸುಧಾರಣೆಗಾಗಿ 1957ರಲ್ಲಿ ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರು. ಹಳೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಬೇರೆ ಬೇರೆ ಆಡಳಿತದಿಂದ ಬಂದ ಪ್ರದೇಶಗಳ ಗೇಣಿ ಪದ್ಧತಿಗಳನ್ನು ಒಂದೇ ಕಾನೂನಿಗೆ ತರುವ ಕಠಿಣ ಕೆಲಸ ಅದು. 1961ರ ಭೂಸುಧಾರಣಾ ಕಾಯ್ದೆಗೆ ಆ ವರದಿ ಆಧಾರವಾಯಿತು. ಅವರು ಮುಂದೆ ಮುಖ್ಯಮಂತ್ರಿಯಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದರು. ಅದೇ ಜಮಖಂಡಿಯ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ವಂತಿಗೆ ಹಾಕಿ, ಶ್ರಮದಾನ ಮಾಡಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. 1989ರಲ್ಲಿ ಅದು ನಿಂತಿತು. 1991ರಲ್ಲಿ ನ್ಯಾಮಗೌಡರು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಇಬ್ಬರೂ ಅರ್ಥಶಾಸ್ತ್ರದ ಪದವಿ ಹಿಡಿದು ಹೆಸರಾದವರಲ್ಲ. ಆದರೆ ಒಬ್ಬರು ಭೂಮಿಯ ಪ್ರಶ್ನೆಯನ್ನು, ಇನ್ನೊಬ್ಬರು ನೀರಿನ ಪ್ರಶ್ನೆಯನ್ನು ಕೈಗೆತ್ತಿಕೊಂಡೇ ಮೇಲೆ ಬಂದರು. ಆ ನೆಲದಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಧೈರ್ಯದ ಜೊತೆ ಶಾಸ್ತ್ರವೂ ಸೇರಬೇಕು ಎಂಬುದಷ್ಟೇ ನನ್ನ ಕೋರಿಕೆ.

ಶಾಸ್ತ್ರ ಸೇರಿದರೆ ಏನಾಗುತ್ತದೆ ಎನ್ನುವುದನ್ನು ಡಿ.ಎಂ. ನಂಜುಂಡಪ್ಪನವರು ತೋರಿಸಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಅಲ್ಲಿಯೇ ಕುಲಪತಿಯೂ ಆದ ಅರ್ಥಶಾಸ್ತ್ರಜ್ಞ ಅವರು. ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ ಎಂಬ ಮಾತು ಏಕೀಕರಣದ ನಂತರ ದಶಕಗಳ ಕಾಲ ಭಾಷಣವಾಗಿಯೇ ಉಳಿದಿತ್ತು. ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಕವಾದ ಅವರ ಸಮಿತಿ 35 ಸೂಚಕಗಳನ್ನು ಹಿಡಿದು 175 ತಾಲ್ಲೂಕುಗಳನ್ನು ಅಳೆಯಿತು. 2002ರ ವರದಿಯಲ್ಲಿ 114 ತಾಲ್ಲೂಕುಗಳು ಹಿಂದುಳಿದವೆಂದು ಗುರುತಾದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ ಪಟ್ಟಿಯಲ್ಲಿ ದಕ್ಷಿಣದ ತಾಲ್ಲೂಕುಗಳೂ ಇದ್ದವು. ಲೆಕ್ಕ ಪ್ರಾಮಾಣಿಕವಾಗಿದ್ದುದರಿಂದಲೇ ಅದನ್ನು ಯಾವ ಸರ್ಕಾರಕ್ಕೂ ತಳ್ಳಿಹಾಕಲಾಗಲಿಲ್ಲ. ಆಗ ರಬಕವಿ-ಬನಹಟ್ಟಿ ತಾಲ್ಲೂಕೇ ಆಗಿರಲಿಲ್ಲ. 2024ರಲ್ಲಿ ಎಂ. ಗೋವಿಂದರಾವ್ ಅವರ ನೇತೃತ್ವದಲ್ಲಿ ಹೊಸ ಸಮಿತಿ ಬಂತು. ಇಂಥ ಸಮಿತಿಗಳು ಮುಂದೆಯೂ ಬರುತ್ತವೆ, ಹಣಕಾಸು ಆಯೋಗಗಳೂ ಬರುತ್ತವೆ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದದ್ದು ಒಂದು ಸೂತ್ರದ ಬದಲಾವಣೆಯಿಂದ. ಸೂತ್ರವನ್ನು ಓದಬಲ್ಲವರು ಸೂತ್ರ ಬರೆಯುವ ಮೊದಲೇ ವಾದ ಮಾಡಬಲ್ಲರು. ಉಳಿದವರು ಬರೆದು ಮುಗಿದ ಮೇಲೆ ಧರಣಿ ಕೂರಬೇಕಾಗುತ್ತದೆ.

ಆದ್ದರಿಂದ ನನ್ನ ಮಾತು ಇಷ್ಟು. ಎಂ.ಎ.ವರೆಗೆ ಓದಿ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ, ಈ ಕಸುಬಿನಲ್ಲಿ ಅರ್ಧ ಶಕ್ತಿ ಅಲ್ಲಿದೆ. ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯವಿದೆ, ಧಾರವಾಡ ಹತ್ತಿರವಿದೆ, ಬೆಂಗಳೂರಿನಲ್ಲಿ ಐಸೆಕ್ ಇದೆ. ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆ ಇದೆ. ಹಣಕಾಸು, ವಾಣಿಜ್ಯ, ಕೃಷಿ ಸಚಿವಾಲಯಗಳ ಒಳಗೆ ಹೋಗುವ ಬಾಗಿಲು ಅದು. ಪಕ್ಷ ರಾಜಕಾರಣಕ್ಕೆ ಮನಸ್ಸಿದ್ದವರು ಅದನ್ನೂ ಮಾಡಿ. ಗ್ರಾಮ ಪಂಚಾಯಿತಿಯ ಬಜೆಟ್ ಓದುವುದರಿಂದ ಶುರುಮಾಡಿ. ಅದನ್ನು ಓದಿದ ಸದಸ್ಯರ ಮುಂದೆ ಅಧಿಕಾರಿಗಳು ಎಚ್ಚರದಿಂದ ಮಾತಾಡುತ್ತಾರೆ.

ಇದಕ್ಕೆಲ್ಲ ವರ್ಷಗಳು ಬೇಕು. ಈ ವರ್ಷವೇ ಮಾಡಬಹುದಾದ ಒಂದು ಕೆಲಸವನ್ನೂ ಹೇಳುತ್ತೇನೆ. ನಿಮ್ಮ ಎನ್‌ಎಸ್‌ಎಸ್ ಶಿಬಿರದಲ್ಲಿ ಒಂದು ಊರನ್ನು ಎಣಿಸಿ. ಮುಧೋಳದವರು ಕಬ್ಬಿನ ಬಿಲ್ಲುಗಳನ್ನು ಕೂಡಿಸಿ, ಬಾಕಿ ಎಷ್ಟು ದಿನಕ್ಕೆ ಬಂತೆಂದು ಬರೆಯಿರಿ. ಬನಹಟ್ಟಿ, ರಬಕವಿಯವರು ಮಗ್ಗದ ಮನೆಯಲ್ಲಿ ಪ್ರತಿಯೊಬ್ಬರೂ ಎಷ್ಟು ತಾಸು ದುಡಿದರು, ಎಷ್ಟು ಸಿಕ್ಕಿತು ಎಂದು ಬರೆಯಿರಿ. ಬೀಳಗಿಯವರು ಪುನರ್ವಸತಿ ಕೇಂದ್ರದ ಪರಿಹಾರದ ಹಣದ ಜಾಡು ಹಿಡಿಯಿರಿ. ಜಮಖಂಡಿಯವರು ಬ್ಯಾರೇಜಿನ ನೀರು ಕೊನೆಯ ಹೊಲಕ್ಕೆ ಎಷ್ಟು ಸಲ ಮುಟ್ಟಿತೆಂದು ನೋಡಿ. ಮನಸ್ಸಿಗೆ ಒಪ್ಪದ ಅಂಕಿ ಸಿಕ್ಕರೂ ತಿದ್ದಬೇಡಿ. ಆಮೇಲೆ ನಾಲ್ಕೂ ಕಡೆಯವರು ಒಂದೆಡೆ ಕೂತು ನಿಮ್ಮ ಹಾಳೆಗಳನ್ನು ಒಬ್ಬರಿಗೊಬ್ಬರು ಓದಿ ಹೇಳಿ, ಕನ್ನಡದಲ್ಲಿ ಅಚ್ಚು ಹಾಕಿಸಿ, ಶಾಸಕರಿಗೂ ಸಂಸದರಿಗೂ ಕೊಡಿ.

ರಾವ್ ಅವರ ಬದುಕು ಶುರುವಾದದ್ದು ಇಂಥ ಎಣಿಕೆಯಿಂದ. ವಿಶ್ವಸಂಸ್ಥೆಯ ಕುರ್ಚಿ, ಸಂಸತ್ತು, ಮಂತ್ರಿಪದವಿ ಎಲ್ಲ ಆಮೇಲೆ ಬಂದವು. ನಿಮ್ಮಲ್ಲಿ ನಾಲ್ಕು ಜನ ಈ ದಾರಿ ಹಿಡಿದರೂ, ಮುಂದೆ ಕೃಷ್ಣೆಯ ಪಾಲಿನ ಬಗ್ಗೆ, ಕಬ್ಬಿನ ಬೆಲೆಯ ಬಗ್ಗೆ, ನೂಲಿನ ಸುಂಕದ ಬಗ್ಗೆ ಎಲ್ಲೇ ಮಾತುಕತೆ ನಡೆಯಲಿ, ನಿಮ್ಮ ಊರಿನ ಲೆಕ್ಕವನ್ನು ನಿಮ್ಮ ಊರಿನವರೇ ಮಂಡಿಸುತ್ತಾರೆ. ಆ ಜವಾಬ್ದಾರಿ ಹೊರಲು ನೀವು ಸಮರ್ಥರೆಂದು ನಂಬಿಯೇ ಇಷ್ಟು ಬರೆದಿದ್ದೇನೆ.

ಇಂತಿ,
ನಿಮ್ಮ ಹಿತೈಷಿ